ಬೀದಿ ಹಾಡಿಗೊಂದು ಸ್ವಾಗತ ಭಾಷಣ

ಸಭೆ ಸಮಾರಂಭ ನಡೆಸುವುದರಲ್ಲಿ ಟೆಕ್ಸಸ್‌ನ ನಮ್ಮ ಊರು ರೌಂಡ್ ರಾಕ್‌ನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಬಹುಕಾಲದಿಂದ ನಂಬಿದ್ದೆ. ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ಮೈಕು ನನ್ನ ಕೈಗೇ ಬರುತ್ತಿತ್ತು. ಅದನ್ನು ವಾಪಸು ಪಡೆಯುವುದೇ ಕಷ್ಟ ಎಂದು ಕೆಲವರು ಹೇಳುತ್ತಿದ್ದರಂತೆ. ಹೊಟ್ಟೆಕಿಚ್ಚು, ಬಿಡಿ.

ಡಾಟ್‌ಕಾಂ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಆಫೀಸಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಫ್ರಾನ್ಸಿನ ಪಿಯೆರ್ ಒಂದು ದಿನ ತನ್ನ ಊರಿನ ಹಬ್ಬದ ಸುದ್ದಿ ತೆಗೆದ. ಜೂನ್ ತಿಂಗಳಲ್ಲಿ, ವರ್ಷದ ಅತಿ ದೊಡ್ಡ ಹಗಲಿನಂದು, ಅಲ್ಲಿ ಎಲ್ಲರೂ ಬೀದಿಗಿಳಿದು ಹಾಡುತ್ತಾರೆ, ಬಾರಿಸುತ್ತಾರೆ. ಟಿಕೆಟ್ ಇಲ್ಲ, ವೇದಿಕೆ ಇಲ್ಲ. ಈ ಸಲ ಪಕ್ಕದ ಆಸ್ಟಿನ್‌ನಲ್ಲೂ ಮಾಡುತ್ತಿದ್ದಾರೆ. ಒಂದು ಕಾಫಿ ಅಂಗಡಿಯ ಮುಂದೆ ನಿಮ್ಮವರಿಗೂ ಅರ್ಧ ಗಂಟೆ ಕೊಡಿಸುತ್ತೇನೆ ಎಂದ.

ನನಗೆ ಕೂಡಲೇ ನೆನಪಾದದ್ದು ನನ್ನ ಹೆಂಡತಿ ಸುಮಾ. ಮೈಸೂರಿನಲ್ಲಿ ಕ್ರಮವಾಗಿ ಸಂಗೀತ ಕಲಿತವಳು. ಟೆಕ್ಸಸ್‌ಗೆ ಬಂದ ಮೇಲೆ ನಾಲ್ಕು ಜನರ ಮುಂದೆ ಒಮ್ಮೆಯೂ ಹಾಡಿರಲಿಲ್ಲ. ನಾನು ನಡೆಸುವ ಸಮಾರಂಭಗಳಲ್ಲಿ ಅವಳ ಹಾಡು ಕೊನೆಗೆ ಇರುತ್ತಿತ್ತು. ಪ್ರತಿ ಸಲವೂ ಸಮಯದ ಅಭಾವದಿಂದ ಬಿಟ್ಟುಹೋಗುತ್ತಿತ್ತು. ಸ್ವಂತ ಹೆಂಡತಿಗೆ ಮೊದಲು ಅವಕಾಶ ಕೊಟ್ಟರೆ ಜನ ಏನೆಂದಾರು?

ಸುದ್ದಿ ಕೇಳಿ ಅವಳ ಮುಖ ಅರಳಿತು. ದಿನಾ ಬೆಳಿಗ್ಗೆ ಎದ್ದು ಅಭ್ಯಾಸ ಶುರು ಮಾಡಿದಳು.

"ರೀ, ಇದು ಬೀದೀಲಿ ಹಾಡೋದು. ಸುಮ್ನೆ ಕೂತು ಹಾಡ್ಬಿಡ್ತೀನಿ. ನೀವೇನೂ ಮಾಡೋಕ್ ಹೋಗ್ಬೇಡಿ."

"ನಾನೇನ್ ಮಾಡ್ತೀನೆ? ಎರಡೇ ಎರಡು ಮಾತು ಆಡ್ತೀನಿ, ಅಷ್ಟೆ."

ಹಬ್ಬದ ಸಂಜೆ ಕಾಫಿ ಅಂಗಡಿಯ ಮುಂದೆ ನಮ್ಮ ವ್ಯಾನಿನಿಂದ ಇಳಿದವು: ಮೈಕು, ಮಡಚುವ ಕುರ್ಚಿಗಳು, ಆಳೆತ್ತರದ ದೀಪದ ಕಂಬ, ಶಾಲು, ಮೈಸೂರು ಪೇಟ, ಹಣ್ಣಿನ ತಟ್ಟೆ. ತಬಲಾ ನುಡಿಸಲು ಬಂದಿದ್ದ ಧಾರವಾಡದ ಪಾಟೀಲರು ಕಣ್ಣರಳಿಸಿದರು. "ಏನ್ರಿ ಇದು, ಮದುವಿ ಐತೇನ್ರಿ?"

ಸುಮಾ ಶ್ರುತಿಪೆಟ್ಟಿಗೆ ಹಾಕಿ ಕೂತಳು. ನಾನು ಮೈಕು ಹಿಡಿದೆ. ಮೊದಲು ಸ್ವಾಗತ. ಮುಖ್ಯ ಅತಿಥಿಯೆಂದು ನಾನೇ ಘೋಷಿಸಿಬಿಟ್ಟ ಪಿಯೆರ್‌ನಿಂದ ದೀಪ ಬೆಳಗಿಸುವಿಕೆ. ಅವನು ಒಂದು ಬತ್ತಿ ಹಚ್ಚಿದರೆ ಗಾಳಿ ಇನ್ನೊಂದನ್ನು ಆರಿಸುತ್ತಿತ್ತು. ದೀಪ ಪೂರ್ತಿ ಉರಿಯದೆ ಮುಂದುವರಿಯುವುದು ಅಪಶಕುನವಲ್ಲವೇ? ಕಾದೆವು. ಆಮೇಲೆ ಸನ್ಮಾನ. ಜೂನ್ ತಿಂಗಳ ಟೆಕ್ಸಸ್ ಬಿಸಿಲಿನಲ್ಲಿ ಪಿಯೆರ್‌ಗೆ ಉಣ್ಣೆಯ ಶಾಲು ಹೊದಿಸಿ, ಪೇಟ ತೊಡಿಸಿದೆವು. ಅವನ ಮುಖ ಟೊಮ್ಯಾಟೊ ಆಯಿತು. ಅದನ್ನು ನಾನು ಭಾವಾವೇಶ ಎಂದುಕೊಂಡೆ.

"ಸರ, ತಬಲಾದ ಶ್ರುತಿ ಮೂರನೇ ಸಲ ಇಳೀತ್ರಿ," ಎಂದು ಪಾಟೀಲರು ಸುತ್ತಿಗೆ ಎತ್ತಿದರು.

"ಡ್ಯಾಡ್, ಲೆಟ್ ಹರ್ ಸಿಂಗ್," ಎಂದಳು ಅಮ್ಮನ ಪಕ್ಕ ಕೂತಿದ್ದ ನಮ್ಮ ಮಗಳು.

ಸುಮಾ ಗಡಿಯಾರ ನೋಡಿದಳು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ಕನ್ನಡ ನಾಡಿನ ಸಂಗೀತ ಪರಂಪರೆ ಕುರಿತ ನನ್ನ ಭಾಷಣ ಇನ್ನೂ ಅರ್ಧಕ್ಕೆ ಬಂದಿತ್ತು.

ಆಗ ಹೆಗಲಿಗೆ ದೊಡ್ಡ ಡೋಲು ನೇತುಹಾಕಿಕೊಂಡ ಗುಂಪೊಂದು ಬಂದು ನಿಂತಿತು. ನಮ್ಮ ಅರ್ಧ ಗಂಟೆ ಮುಗಿದಿತ್ತು! ಅಷ್ಟೂ ಹೊತ್ತು ನಿಂತು ಕೇಳಿದ್ದ ಒಬ್ಬ ಅಮೆರಿಕನ್ ಅಜ್ಜಿ ಹತ್ತಿರ ಬಂದು, "ಪೆಟ್ಟಿಗೆಯ ಗುಂಯ್‌ಗುಟ್ಟುವಿಕೆ ಬಹಳ ಹಿಡಿಸಿತು. ನೀವು ನಡುವೆ ಮಾತಾಡದೆ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು," ಎಂದರು.

ಏನೇ ಆಗಲಿ, ವಂದನಾರ್ಪಣೆ ಬಿಡುವಂತಿಲ್ಲ. ಕಾಫಿ ಅಂಗಡಿಯವರಿಗೆ, ಕುರ್ಚಿ ಕೊಟ್ಟವರಿಗೆ, ಹೆಸರು ಬಿಟ್ಟುಹೋದವರಿಗೆ ವಂದಿಸಿ ತಲೆಯೆತ್ತಿದೆ. ಕಾದು ಬೇಸತ್ತ ಡೋಲಿನವರೂ ಸೇರಿ, ಮುಂದೆ ಯಾರೂ ಇರಲಿಲ್ಲ. ಮುಖ್ಯ ಅತಿಥಿಯ ಕುರ್ಚಿಯ ಮೇಲೆ ಶಾಲು ಮತ್ತು ಪೇಟ ಮಾತ್ರ ಕೂತಿದ್ದವು.

ರಸ್ತೆಯಾಚೆ ಮರದಡಿ ಜನ ಸೇರಿದ್ದರು. ಹೋಗಿ ಇಣುಕಿದೆ. ಸುಮಾ ಫುಟ್‌ಪಾತಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ದೇವರನಾಮ ಹಾಡುತ್ತಿದ್ದಳು. ಮೈಕಿಲ್ಲ, ದೀಪವಿಲ್ಲ. ಪಾಟೀಲರ ತಬಲಾ ಸುಖವಾಗಿತ್ತು. ಬರಿತಲೆಯ ಪಿಯೆರ್ ಕಣ್ಮುಚ್ಚಿ ಕೂತಿದ್ದ. ಇಷ್ಟು ವರ್ಷ ಸಮಯದ ಅಭಾವದಿಂದ ನಾನು ಬಿಟ್ಟುಬಿಟ್ಟದ್ದು ಈ ದನಿಯನ್ನೇ ಎಂದು ಆಗ ಹೊಳೆಯಿತು. ಅದರ ಬೆನ್ನಿಗೇ, ಗಾಯಕಿಯ ಪರಿಚಯ ಮಾಡಿಕೊಟ್ಟಿಲ್ಲವಲ್ಲ ಎಂಬ ಚಡಪಡಿಕೆಯೂ ಆಯಿತು. ಗಂಟಲು ಸರಿಮಾಡಿಕೊಂಡೆ. ಸುಮಾ ಹಾಡು ನಿಲ್ಲಿಸದೆಯೇ ಕಣ್ಣೆತ್ತಿ ಒಮ್ಮೆ ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದೆ.

ಹಾಡು ಮುಗಿದು ಚಪ್ಪಾಳೆ ಬಿದ್ದಿತು. ಪಕ್ಕದಲ್ಲಿ ನಿಂತಿದ್ದ ಗಿಟಾರಿನವನು ಕೇಳಿದ, "ನೀವೂ ಇವರ ತಂಡದವರೇ?"

"ಹೌದು," ಎಂದೆ ಹೆಮ್ಮೆಯಿಂದ.

"ನೀವೇನು ನುಡಿಸುತ್ತೀರಿ?"

ರಸ್ತೆಯಾಚೆಯ ಖಾಲಿ ಕುರ್ಚಿಗಳತ್ತ ನೋಡಿದೆ.

"ಕುರ್ಚಿ ಮಡಚುತ್ತೇನೆ," ಎಂದೆ. ರಸ್ತೆ ದಾಟಿ ಹೋಗಿ, ಒಂದೊಂದಾಗಿ ಮಡಚತೊಡಗಿದೆ.