ಅತ್ತಿಯ ಅಂಗಡ್ಯಾಗ ಎಣ್ಣಿ ತಲಿ

ನಮ್ಮ ಅತ್ತಿ, ಅಂದ್ರ ಅಪ್ಪನ ಅಕ್ಕ, ಮೂರು ಸಾವಿರ ಡಿಗ್ರಿ ಉರಿ ಮುಂದ ಆರಾಮ ಕೂಡ್ತಾಳ. ಆದ್ರ ಕೊಬ್ಬರಿ ಎಣ್ಣಿ ವಾಸನಿ ಬಂತೋ, ಮಂದಿನ್ನ ಅಂಗಡಿಯಿಂದ ಹೊರಗ ಹಾಕ್ತಾಳ! ಧಾರವಾಡದಾಗ ತಲಿಗೆ ಎಣ್ಣಿ ಹಚ್ಚಿಸಿಕೊಂಡು ಬೆಳೆದಾಕಿ ಹಿಂಗ ಮಾಡೋದೇನ್ರಿ?

ಮರಾಠಿ ಸೀಮಿಯ ಭೋಸರಿಯೊಳಗ ಅಕಿದು ಗ್ಯಾಸ್ ವೆಲ್ಡಿಂಗ್ ಅಂಗಡಿ. ಅಕಿ ಬೆಸೆದ ಪೈಪಿನ ಮ್ಯಾಲೆ ಬೆರಳಾಡಿಸಿದ್ರ ಎಲ್ಲಿ ಒಡೆದಿತ್ತು ಅಂತನೇ ತಿಳಿಯಂಗಿಲ್ಲ, ಅಂಥಾ ಕೈ! ಮಗರಪಟ್ಟಾದಾಗ ನನ್ನ ಆಫೀಸ್ ಕೆಲಸ ಹೋತು. ನಲವತ್ತಕ್ಕ ಬಂದಾಕಿ ನಾ, ಕೈಗೊಂದು ಕಸುಬು ಬೇಕಿತ್ತು. ಅತ್ತಿ ಹತ್ರ ಹೋದೆ. ಬಾಗಲದಾಗ ನಿಂದರಿಸಿ ನನ್ನ ತಲಿ ಮೂಸಿದ್ಲು!

"ಎಣ್ಣಿ ಹಚ್ಚಿಯೇನ?"

"ಹೂಂ. ಮೊದಲನೇ ದಿನ ಅಂತ ಅವ್ವ ಹಚ್ಚಿ ಕಳಸ್ಯಾಳ."

"ಹೋಗು, ತಲಿ ತೊಳಕೊಂಡು ಬಾ. ಆಕ್ಸಿಜನ್ ವಾಲ್ವಿಗೆ ಎಣ್ಣಿ ಕೈ ಹತ್ತಿತಂದ್ರ ಕಡ್ಡಿ ಗೀರೋದೂ ಬ್ಯಾಡ, ತಾನೇ ಹೊತ್ತಿಕೊಳ್ತದ!"

ಶಹರದ ಆಚಿ ತುದಿ ಕೊಂಢವಾದ ಮನಿಗೆ ಹೋಗಿ ತಲಿ ತೊಳಕೊಂಡು ಬರೋದ್ರಾಗ ಅಂಗಡಿ ಮುಚ್ಚೋ ಹೊತ್ತಾಗಿತ್ತು.

ಮುಂದ ಮೂರು ವಾರ ಉರಿ ಹಚ್ಚಲಿಕ್ಕೆ ಬಿಡಲಿಲ್ಲ. ಸಿಲಿಂಡರ್ ನೆಟ್ಟಗ ನಿಲ್ಲಿಸಿ ಸರಪಳಿ ಕಟ್ಟು. ಪೈಪಿನ ಜೋಡಣಿಗೆ ಸೋಪಿನ ನೀರು ಸವರು, ಗುಳ್ಳಿ ಎದ್ರ ಗ್ಯಾಸ್ ಸೋರ್ತದ ಅಂತ ತಿಳ್ಕೋ. ಒರಸು, ಮತ್ತ ಸವರು. ಇದೇನು ವೆಲ್ಡಿಂಗೋ, ಅರಿವಿ ಒಗಿಯೋ ಕೆಲಸೋ!

ಆಯುಧ ಪೂಜಿ ಮಾಡೋ ಖಂಡೇನವಮಿ ಬಂತು. ಓಣಿಯವರೆಲ್ಲಾ ಯಂತ್ರದ ಮುಂದ ದೀಪಾ ಹಚ್ಚಿ ಆರತಿ ಎತ್ತಿದ್ರು. ಅತ್ತಿ ಸಿಲಿಂಡರಿಗೆ ಬರೇ ಚೆಂಡುಹೂವು ಏರಿಸಿ, ದೀಪಾನ ರಸ್ತೆ ಆಚಿ ಕಟ್ಟಿ ಮ್ಯಾಲೆ ಇಟ್ಟು ಬಂದ್ಲು. ಪೂಜಿಗೆ ಬಂದ ಗುರುಜಿ ಬಾಯಿ ತಗದು ನಿಂತ್ರು.

"ದೇವರಿಗೆ ಅಲ್ಲಿಂದನೂ ಕಾಣಸ್ತದ ಗುರುಜಿ," ಅಂತ ಮರಾಠಿಯೊಳಗ ಹೇಳಿ ಪ್ರಸಾದ ಹಂಚಿದ್ಲು.

ಮರುದಿನ ನನ್ನ ಕೈಗೆ ಲೈಟರ್ ಕೊಟ್ಲು. "ಇವತ್ತ ನೀ ಹಚ್ಚು."

ಈ ಕಸುಬೂ ಕೈ ಹತ್ತಲಿಲ್ಲಂದ್ರ ಮುಂದ ಏನು ಮಾಡ್ಲಿ? ಕರಿ ಕನ್ನಡಕ ಹಾಕ್ಕೊಂಡೆ. ಮೊದಲು ಉರಿಯೋ ಗ್ಯಾಸ್, ಅಂದ್ರ ಅಸಿಟಿಲಿನ್, ಸ್ವಲ್ಪ ಬಿಟ್ಟು ಟಾರ್ಚಿನ ತುದಿಗೆ ಲೈಟರ್ ಒತ್ತಿದೆ. ಹಳದಿ ಉರಿ, ಕರಿ ಹೊಗಿ! ಸಾವಕಾಶ ಆಕ್ಸಿಜನ್ ಬಿಟ್ಟೆ. ಹೊಗಿ ಹೋಗಿ ಸಣ್ಣ ನೀಲಿ ಮೊನಿ ನಿಂತಿತು.

"ಅತ್ತಿ, ಬಂತು!"

ತಿರುಗಿ ನೋಡಿದ್ರ, ಏನರ ಆದ್ರ ಗ್ಯಾಸ್ ಬಂದ್ ಮಾಡಲಿಕ್ಕೆ ಅತ್ತಿ ಸಿಲಿಂಡರ್ ಚಾವಿ ಹಿಡಕೊಂಡು ನಿಂತಿದ್ಲು. ಬಾಯಾಗ ದೇವರ ಹೆಸರು ಗೊಣಗತಿದ್ಲು.

"ಅತ್ತಿ, ಯಾಕ?"

"ಮೂವತ್ತು ವರ್ಷ ನಾ ಹಚ್ಚುವಾಗ ಹಿಂಗ ಅಂಜಿಕಿ ಆಗಿದ್ದಿಲ್ಲ. ಇವತ್ತ ನೀ ಇದ್ದಿ," ಅಂದ್ಲು. ಆಮ್ಯಾಲೆ ದನಿ ಏರಿಸಿ, "ನನ್ನ ಮಾರಿ ಏನು ನೋಡ್ತಿ? ಉರಿ ನೋಡು!"

ಉರಿ ಕಡೆ ತಿರುಗಿದೆ. ಇಷ್ಟು ಜೀವಾ ಹಚ್ಚಿಕೊಂಡು ಬೈಯೋರು ನನಗ ಇನ್ಯಾರೂ ಇಲ್ಲ.