ಕಾಯಿ ಒಡೆದ ಪೆಟ್ಟಿಗೆ

ಕಣ್ಣೆದುರಿಗೆ ಇರುವುದನ್ನು ಇಲ್ಲ ಎಂದು ವಾದಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮನುಷ್ಯರಾದರೆ ಎರಡು ಮಾತು ಬೈದು ಹಗುರಾಗಬಹುದು. ಅಂಗೈಯಗಲದ ಕಂಪ್ಯೂಟರ್ ಬೋರ್ಡು ಹಾಗೆಂದರೆ ಯಾರನ್ನು ಬೈಯುವುದು?

ಚಿತ್ರದುರ್ಗದಲ್ಲಿ ನನ್ನದೊಂದು ಪುಟ್ಟ ವರ್ಕ್‌ಶಾಪ್ ಇದೆ. ಹೊಲದ ಮೋಟರನ್ನು ಮನೆಯಿಂದಲೇ ಮೊಬೈಲಿನಲ್ಲಿ ಚಾಲೂ ಮಾಡುವ ಪೆಟ್ಟಿಗೆ ತಯಾರಿಸುತ್ತೇನೆ. ಒಳಗಿರುವುದು ಆರ್ಮ್ ಎಂಬ ಬಗೆಯ ಚಿಪ್ಪಿನ ಬೋರ್ಡು. ನನ್ನ ಪ್ರೋಗ್ರಾಂ ಜಾವಾದ್ದು. ಅದು ಓಡಲು ಜಾವಾ ವರ್ಚುವಲ್ ಮಷೀನ್ ಎಂಬ ಇನ್ನೊಂದು ಪ್ರೋಗ್ರಾಂ ಬೇಕು. ಅದನ್ನು ತಾನೇ ಕಟ್ಟಿಕೊಳ್ಳುವ ತ್ರಾಣ ಬೋರ್ಡಿಗಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಅದರ ಅಳತೆಗೆ ಕಟ್ಟಿ ಸಾಗಿಸಬೇಕು. ಮದುವೆ ಹೆಣ್ಣನ್ನು ನೋಡದೆಯೇ ರವಿಕೆ ಹೊಲಿದ ಹಾಗೆ.

ಮೊದಲ ಪೆಟ್ಟಿಗೆಯನ್ನು ಧರ್ಮಪುರದ ಮಾವನ ಶೇಂಗಾ ಹೊಲಕ್ಕೆ ಮುಂಚೆಯೇ ಕಳಿಸಿದ್ದೆ. ನಾನೂ ಹೆಂಡತಿಯೂ ಹೋಗಿ ತಲುಪುವಷ್ಟರಲ್ಲಿ ಮಾವ ಅದನ್ನು ಮೋಟರ್ ಶೆಡ್ಡಿನ ಗೋಡೆಗೆ ಬಿಗಿದು, ಕುಂಕುಮ ಹಚ್ಚಿ, ಹೂವಿನ ಸರ ಹಾಕಿ, ಕಾಯಿಯನ್ನೂ ಒಡೆದಿದ್ದರು. ನೋಡಲು ಅಕ್ಕಪಕ್ಕದ ಹೊಲದವರೂ ನೆರೆದಿದ್ದರು. ನಾನು ಗತ್ತಿನಿಂದ ಲ್ಯಾಪ್‌ಟಾಪ್ ಜೋಡಿಸಿ ಜಾವಾ ತುಂಬಿ ಓಡಿಸಿದೆ. ‘ಅಂಥ ಫೈಲು ಇಲ್ಲ’ ಎಂದಿತು ಬೋರ್ಡು. ಪಟ್ಟಿ ತೆಗೆದು ನೋಡಿದರೆ ಫೈಲು ಇದೆ. ಓಡಿಸಿದರೆ ಇಲ್ಲ! ಹೆಸರು ತಿದ್ದಿದೆ, ಅಳಿಸಿ ಮತ್ತೆ ಹಾಕಿದೆ. ಇದೆ, ಇಲ್ಲ, ಇದೆ, ಇಲ್ಲ. ಅಳುವುದೊಂದು ಬಾಕಿ.

ಬಿಚ್ಚಿ ದುರ್ಗಕ್ಕೆ ಒಯ್ದುಬಿಡೋಣವೆಂದು ಸ್ಕ್ರೂಡ್ರೈವರ್ ಎತ್ತಿದೆ.

“ಏ, ಕಾಯಿ ಒಡೆದ ಮ್ಯಾಲೆ ಕೀಳಂಗಿಲ್ಲ ಅಳಿಯಂದ್ರೆ! ಇಲ್ಲೇ ಕುಂತ್ಕಂಡು ಮಾಡ್ರಿ,” ಎಂದರು ಮಾವ.

ಕುಳಿತೆ. ಊದುಬತ್ತಿಯ ಹೊಗೆ ನೇರವಾಗಿ ನನ್ನ ಮೂಗಿಗೇ ಬರುತ್ತಿತ್ತು. “ಏನಪ್ಪ, ನಿನ್ನ ಅಳಿಯನ ಪೆಟ್ಟಿಗೆ ಬರೀ ಪೂಜೆಗಾ?” ಎಂದು ಯಾರೋ ಮಾವನನ್ನು ಕೆಣಕಿದರು. ಊರಿಗೆಲ್ಲ ನನ್ನನ್ನು ಹೊಗಳಿಕೊಂಡು ಬಂದ ಮನುಷ್ಯ, ಪಾಪ, ತಲೆ ತಗ್ಗಿಸಿದರು. ಅದು ಮಾತ್ರ ನನಗೆ ತಡೆಯಲಾಗಲಿಲ್ಲ.

ಕೊನೆಗೆ ಹೊಳೆಯಿತು. ಫೈಲು ಇತ್ತು, ಅದನ್ನು ಎತ್ತಿ ಓಡಿಸುವ ಇನ್ನೊಂದು ಫೈಲು ಇರಲಿಲ್ಲ. ಬೋರ್ಡು ಇಲ್ಲದ್ದರ ಹೆಸರು ಹೇಳದೆ, ಇದ್ದದ್ದನ್ನೇ ಇಲ್ಲವೆನ್ನುತ್ತಿತ್ತು. ಆ ಇನ್ನೊಂದು ಫೈಲು ಇರುವುದು ಹೊಸ ನಮೂನೆಯ ಬೋರ್ಡಿನಲ್ಲಿ ಮಾತ್ರ. ನಾನು ಜಾವಾ ಕಟ್ಟಿದ್ದು ಅದರ ಅಳತೆಗೆ, ಗೋಡೆಯ ಮೇಲಿದ್ದದ್ದು ಹಳೆಯದು. ಹಳೆಯ ಅಳತೆಗೆ ಮತ್ತೆ ಕಟ್ಟಿ ಮುಗಿಸುವಷ್ಟರಲ್ಲಿ ಬಂದವರೆಲ್ಲ ಎಲೆ ಅಡಿಕೆ ಮುಗಿಸಿದ್ದರು. ಮಾವ ಮೊಬೈಲ್ ಒತ್ತಿದರು. ಮೋಟರ್ ಗುರ್ರೆಂದಿತು, ನೀರು ಬಂತು.

ಮಾವ ಹಿಗ್ಗಿ, ಏನಾಗಿತ್ತೆಂದು ಕೇಳಿದರು. ವಿವರಿಸಿದೆ.

“ಹಂಗಾರೆ ಆ ಹೊಸ ಬೋರ್ಡು ನಿಮ್ಮತ್ರ ಐತೇನು?”

ಇತ್ತು. ದುರ್ಗದಲ್ಲಿ ನನ್ನ ಮೇಜಿನ ಮೇಲೆ. ಮಾವನ ಮನೆಗೆ ತಾನೆ, ಹಳೆಯದೇ ಸಾಕೆಂದು ಅದನ್ನು ನಾನೇ ಉಳಿಸಿಕೊಂಡಿದ್ದೆ.

“ಇಲ್ಲ ಮಾವ,” ಎಂದೆ.

ದಿನಾ ಆ ಮೇಜಿನ ಧೂಳು ಒರೆಸುವ ಹೆಂಡತಿ ನನ್ನನ್ನೇ ದಿಟ್ಟಿಸಿ ನೋಡಿದಳು. “ಅಪ್ಪಾಜಿ, ಇವರೂ ಆ ಪೆಟ್ಟಿಗೆ ಥರಾನೇ. ಇವರಿಗೂ ಒಂದು ಕಾಯಿ ಒಡೆದ್ಬಿಡು,” ಎಂದಳು.