ದನದ ಡಾಕ್ಟರ ಕಾರು ಎತ್ತರವಾದದ್ದು

ನಗುವಂಥ ಪ್ರಸಂಗಗಳು ನನ್ನ ಬದುಕಿನಲ್ಲಿ ನಡೆಯುತ್ತಲೇ ಇರುತ್ತವೆ. ನಡೆಯುವಾಗ ನಗದೆ ಇರುವವನು ನಾನೊಬ್ಬನೇ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಹದಿನಾರು ವರ್ಷದಿಂದ ದನದ ಡಾಕ್ಟರಾಗಿದ್ದೇನೆ. ದಿನವೂ ಹಸುವಿನ ಹಿಂಭಾಗದಲ್ಲಿ ಭುಜದವರೆಗೆ ಕೈ ಹಾಕಿಕೊಂಡು ನಿಲ್ಲುವವನಿಗೆ ಲೋಕದ ಮೇಲೆ ದೊಡ್ಡ ಭರವಸೆಯೇನೂ ಉಳಿದಿರುವುದಿಲ್ಲ. ಆದರೂ ಈ ಕಾರಿನ ವಿಷಯದಲ್ಲಿ ನಾನು ಸ್ವಲ್ಪ ಭರವಸೆ ಇಟ್ಟುಕೊಂಡಿದ್ದೆ. ತಪ್ಪು ನನ್ನದೇ.

1. ದಿಬ್ಬದ ಮೇಲೆ ಕೂತದ್ದು

ಕಬ್ಬು ಕಡಿಯುವ ಕಾಲ. ಬೆಳಿಗ್ಗೆ ಹತ್ತು ಗಂಟೆಗೆ ಶೀಳನೆರೆ ಹೋಬಳಿಯ ಒಂದು ಹಳ್ಳಿಯಿಂದ ಫೋನು ಬಂತು. ಡೈರಿಗೆ ಹಾಲು ಹಾಕುವ ಒಬ್ಬ ಅಕ್ಕ. ಗಂಡನಿಲ್ಲ, ಮನೆ ನಡೆಯುತ್ತಿದ್ದದ್ದು ಒಂದೇ ಹಸುವಿನ ಹಾಲಿನಲ್ಲಿ. "ಕರು ಅಡ್ಡ ತಿರಿಕ್ಕಂಬುಟ್ಟದೆ ಸ್ವಾಮಿ, ಬಿರ್ನೆ ಬನ್ನಿ" ಅಂದಳು.

ಹೊಸದಾಗಿ ಕೊಂಡ ಪುಟ್ಟ ಎಸ್‌ಯುವಿಯಲ್ಲಿ ಹೊರಟೆ. ಜಾಹೀರಾತಿನಲ್ಲಿ ಅದು ಬಂಡೆಗಳನ್ನು ಹತ್ತಿ ಇಳಿಯುತ್ತಿತ್ತು. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಟ್ರಾಕ್ಟರುಗಳು ಆ ಊರಿನ ದಾರಿಯಲ್ಲಿ ಎರಡು ಆಳವಾದ ಜಾಡು ಕೊರೆದು, ನಡುವೆ ಉದ್ದಕ್ಕೂ ಗಟ್ಟಿ ಮಣ್ಣಿನ ದಿಬ್ಬ ಬಿಟ್ಟಿದ್ದವು. ಟ್ರಾಕ್ಟರಿನ ಹೊಟ್ಟೆ ಎತ್ತರ, ಅದಕ್ಕೇನು ಕಷ್ಟ? ನನ್ನ ಕಾರು ಮಾತ್ರ ದಿಬ್ಬದ ಮೇಲೆ ಹೊಟ್ಟೆ ಊರಿ ಕೋಳಿ ಕಾವಿಗೆ ಕೂತ ಹಾಗೆ ಕೂತುಬಿಟ್ಟಿತು. ಆಕ್ಸಿಲರೇಟರ್ ಒತ್ತಿದರೆ ಚಕ್ರ ಸುಮ್ಮನೆ ತಿರುಗುತ್ತದೆ, ಕಾರು ಅಲ್ಲಾಡುವುದಿಲ್ಲ.

ಊರಿನವರು ಬಂದರು. ಒಬ್ಬ ಮುಂದಿನಿಂದ ಎಳೆಯಬೇಕು ಅಂದ, ಇನ್ನೊಬ್ಬ ಹಿಂದಿನಿಂದ ನೂಕಬೇಕು ಅಂದ. ಇಬ್ಬರೂ ಒಟ್ಟಿಗೆ ಮಾಡಬಹುದು ಅಂತ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಒಬ್ಬ ರೈತ ಎತ್ತಿನ ಜೋಡಿ ತಂದು ಕಟ್ಟಿ ಎಳೆಸಿದ. ಇಷ್ಟಕ್ಕೆ ಒಂದೂವರೆ ಗಂಟೆ ಹಿಡಿಯಿತು. ನಾನು ಕೊಟ್ಟಿಗೆ ಮುಟ್ಟುವ ಹೊತ್ತಿಗೆ ಹಸು ಸತ್ತಿತ್ತು. ಊರಿನವರೇ ಹೇಗೋ ಎಳೆದು ತೆಗೆದ ಹೆಣ್ಣು ಕರು ಮಾತ್ರ ಗೋಣಿಚೀಲದ ಮೇಲೆ ನಡುಗುತ್ತಿತ್ತು.

ಅಕ್ಕ ಬಯ್ಯಲಿಲ್ಲ. "ಬುಡಿ ಸ್ವಾಮಿ, ಅದ್ರ ಆಯಸ್ಸೇ ಅಷ್ಟು" ಅಂದು ಒಳಗೆ ಹೋದಳು. ಬಯ್ದಿದ್ದರೆ ನಾನು ಆ ರಾತ್ರಿ ನಿದ್ದೆ ಮಾಡುತ್ತಿದ್ದೆ. ಬಯ್ದವನು ಎತ್ತಿನ ರೈತ. ಹಗ್ಗ ಸುತ್ತಿಕೊಳ್ಳುತ್ತಾ ಕೇಳಿದ: "ದನ ನಿಮ್ಮುನ್ನ ಕಾಪಾಡಾಯ್ತು ಡಾಕ್ಟ್ರೇ. ನೀವು ದನ ಕಾಪಾಡದು ಯಾವತ್ತು?"

2. ಸ್ಪ್ರಿಂಗ್ ಭಾಯಿ

ಆಮೇಲೆ ಆ ಅಕ್ಕ ನನಗೆ ಫೋನು ಮಾಡುವುದನ್ನೇ ಬಿಟ್ಟಳು. ಕರುವಿಗೆ ಜ್ವರ ಬಂದರೆ ಬೇರೆ ಡಾಕ್ಟರನ್ನು ಕರೆಸಿದಳು ಅಂತ ಡೈರಿಯಲ್ಲಿ ಕೇಳಿ ತಿಳಿದೆ. ಆ ಕರು ಬೆಳೆದು ಈಯುವ ದಿನ ಅವಳು ನನ್ನನ್ನೇ ಕರೆಯಬೇಕು, ನಾನು ಹೊತ್ತಿಗೆ ಸರಿಯಾಗಿ ಹೋಗಿ ನಿಲ್ಲಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ಅದಕ್ಕೆ ಅಡ್ಡ ಇರುವುದು ಕಾರಿನ ಹೊಟ್ಟೆ ಅಂತ ತೀರ್ಮಾನಿಸಿ ಶ್ರೀರಂಗಪಟ್ಟಣದ ಸ್ಪ್ರಿಂಗ್ ಭಾಯಿಯ ಹತ್ತಿರ ಹೋದೆ. ಗಾಡಿ ಎತ್ತರಿಸುವುದರಲ್ಲಿ ಅವರದು ಎತ್ತಿದ ಕೈ.

ಭಾಯಿ ಟೇಪು ಹಿಡಿಯುವ ಮೊದಲು ದಿನಾ ಏನೇನು ಹೊರುತ್ತೀರಿ ಅಂತ ಕೇಳಿದರು. ಖಾಲಿ ಗಾಡಿ ಅಳೆಯುವುದು ಅವರ ಪದ್ಧತಿಯಲ್ಲ. ಔಷಧಿ ಪೆಟ್ಟಿಗೆ, ಹಗ್ಗ, ಹೋರಿ ವೀರ್ಯದ ಕ್ಯಾನು ಎಲ್ಲ ತುಂಬಿಸಿ, ನನ್ನನ್ನೂ ಒಳಗೆ ಕೂರಿಸಿ, ನೆಲದ ಮೇಲೆ ಮಲಗಿ ಅಳೆದರು.

"ಸ್ಪ್ರಿಂಗ್ ಮ್ಯಾಲೆ ದಪ್ಪ ಬಿಲ್ಲೆ, ಸ್ಪೇಸರ್ ಅಂತ, ಕೊಡ್ತೀನಿ, ಟಯರ್ ಒಂದ್ ಸೈಜ್ ದೊಡ್ದು ಹಾಕ್ತೀನಿ. ಎರಡಿಂಚು ಬಸ್ ಸಾಬ್. ಜಾಸ್ತಿ ಮಾಡುದ್ರೆ ತಿರುವಿನಾಗೆ ವಾಲ್ತದೆ."

"ಮೂರು ಮಾಡಿ ಭಾಯಿ. ಹಿಂದಿನ ಸ್ಪ್ರಿಂಗೂ ಗಟ್ಟಿದು ಹಾಕಿ."

"ಅರೇ, ಬೆಟ್ಟ ಹತ್ತಬೇಕಾ?"

ನಾನು ಹಸುವಿನ ಕಥೆ ಹೇಳಿದೆ. ಭಾಯಿ ಟೇಪು ಮಡಿಸಿ ಸ್ಪ್ಯಾನರ್ ಕೈಗೆ ತೆಗೆದುಕೊಂಡರು. ಆಮೇಲೆ ಮೂರು ಇಂಚೇ ಎತ್ತಿಕೊಟ್ಟರು. ಹೊರಡುವಾಗ ಹೆಗಲ ಮೇಲೆ ಕೈ ಇಟ್ಟು ಹೇಳಿದರು: "ಇಪ್ಪತ್ತು ವರ್ಷ ಆಯ್ತು ಸಾಬ್ ಈ ಕೆಲ್ಸಕ್ಕೆ. ಶೋಕಿಗೆ ಎತ್ತಿಸ್ದೋರ್ನ ನೋಡಿದೀನಿ, ಕಾಡಿಗೆ ಹೋಗಕ್ಕೆ ಎತ್ತಿಸ್ದೋರ್ನ ನೋಡಿದೀನಿ. ತಿಥಿಗೆ ಎತ್ತಿಸ್ದೋರು ನೀವೇ ಮೊದ್ಲು."

3. ಅತ್ತೆಯವರನ್ನು ಹತ್ತಿಸಿದ್ದು

ಪಾಂಡವಪುರದಲ್ಲಿ ಹೆಂಡತಿಯ ಕಡೆಯವರ ಗೃಹಪ್ರವೇಶ. ಅತ್ತೆಯವರಿಗೆ ಮಂಡಿನೋವು. ಎತ್ತರವಾದ ಕಾರಿನ ಮುಂದೆ ನಿಂತು ಕತ್ತೆತ್ತಿ ನೋಡಿ, "ಏಣಿ ಎಲ್ಲಪ್ಪಾ?" ಅಂದರು. ಹಾಲು ಕರೆಯುವಾಗ ಕೂರುವ ಮಣೆ ತಂದು ಇಟ್ಟೆ. ಒಂದು ಕಾಲು ಮಣೆಯ ಮೇಲೆ, ಒಂದು ಕಾಲು ಕಾರಿನೊಳಗೆ, ಎರಡು ಕೈ ಸೀಟಿನ ಮೇಲೆ. ಅಲ್ಲಿಗೆ ನಿಂತುಬಿಟ್ಟರು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ನಾನು ಬೇರೇನೋ ಯೋಚನೆಯಲ್ಲಿದ್ದೆ. ಡೈರಿಯವರು ಆ ಅಕ್ಕನ ಕರು ಬೆಳೆದು ಕಡಸಾಗಿ ಗಬ್ಬ ಕಟ್ಟಿದೆ ಅಂತ ಆ ದಿನ ಬೆಳಿಗ್ಗೆ ಹೇಳಿದ್ದರು. ಅದನ್ನೇ ಯೋಚಿಸುತ್ತಾ ಅತ್ತೆಯವರ ಹಿಂದೆ ಹೋಗಿ, ಭುಜ ಕೊಟ್ಟು ನೂಕಿ, ಹದಿನಾರು ವರ್ಷದ ಅಭ್ಯಾಸಬಲದಿಂದ ಜೋರಾಗಿ "ಹೈ, ಹೈ, ಹತ್ತು ಮಗಾ!" ಅಂದೆ.

ಹತ್ತಿದರು. ಆದರೆ ಪಾಂಡವಪುರದವರೆಗೂ ಮಾತಾಡಲಿಲ್ಲ, ಅಲ್ಲಿಂದ ಬಸ್ಸಿನಲ್ಲಿ ವಾಪಸ್ಸು ಹೋದರು, ಈಗಲೂ ಮಾತಾಡುವುದಿಲ್ಲ. ನಾನು ಎಷ್ಟು ಸಲ ಕ್ಷಮೆ ಕೇಳಿದರೂ ಹೆಂಡತಿಯ ಉತ್ತರ ಒಂದೇ: "ಬಾಲ ತಿರುವಲಿಲ್ಲವಲ್ಲ, ಅದೇ ನಮ್ಮ ಪುಣ್ಯ."

4. ಐದು ಹೋರಿಗಳ ಭಾರ

ತಿರುವಿನಲ್ಲಿ ವಾಲುತ್ತದೆ ಅಂತ ಭಾಯಿ ಹೇಳಿದ್ದರಲ್ಲ, ಅದು ನಾಗಮಂಗಲದ ಹತ್ತಿರ ನಿಜವಾಯಿತು. ಅಲ್ಲಿಗೆ ಒಂದು ಮೀಟಿಂಗಿಗೆ ಹೋಗುತ್ತಿದ್ದೆ. ತೆಂಗಿನ ತೋಟದ ಪಕ್ಕದ ತಿರುವಿನಲ್ಲಿ ಕಾರು ಒಂದು ಕಡೆಗೆ ವಾಲಿತು. ಹಿಂದೆ ಇದ್ದ ವೀರ್ಯದ ಕ್ಯಾನು ಉರುಳಿ ಮುಚ್ಚಳ ಬಿಚ್ಚಿಕೊಂಡಿತು. ವೀರ್ಯ ಕೆಡದ ಹಾಗೆ ಅದರಲ್ಲಿ ತುಂಬಿರುವುದು ದ್ರವ ನೈಟ್ರೋಜನ್, ಮಹಾ ತಣ್ಣಗಿನದು. ಗಾಳಿ ತಾಗಿದರೆ ಬೆಳ್ಳಗೆ ಹೊಗೆಯ ಹಾಗೆ ಏಳುತ್ತದೆ, ಮುಚ್ಚಿದ ಕಾರಿನಲ್ಲಿ ಉಸಿರೂ ಕಟ್ಟಿಸುತ್ತದೆ. ಕಾರು ನಿಲ್ಲಿಸಿ, ಬಾಗಿಲು ತೆಗೆದು, ಕೆಮ್ಮುತ್ತಾ ಹೊರಗೆ ಹಾರಿದೆ.

ಕಾರಿಗೆ ಬೆಂಕಿ ಬಿದ್ದಿದೆ ಅಂತ ಎಳನೀರು ಮಾರುವವನು ಓಡಿಬಂದು ಒಂದು ಬಕೆಟ್ ನೀರು ಎರಚಿದ. ಕಾರಿಗಲ್ಲ, ನನಗೆ. ಒದ್ದೆ ಅಂಗಿಯಲ್ಲಿ ರಸ್ತೆಬದಿ ಕೂತಿದ್ದಾಗ ನನಗೆ ನಿಜವಾಗಿ ಅಳು ಬಂತು. ಯಾವಳೋ ಒಬ್ಬಳು ಕರೆಯಲಿ ಅಂತ ಒಳ್ಳೆಯ ಕಾರನ್ನು ಕೆಡಿಸಿಕೊಂಡು ಕೂತಿದ್ದೇನಲ್ಲ ಅನಿಸಿತು. ಕಡಸು ಗಬ್ಬವಾಗಿ ಆಗ ಏಳು ತಿಂಗಳು. ಅವಳಿಂದ ಒಂದು ಫೋನಿಲ್ಲ.

ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತ ಅಜ್ಜನೊಬ್ಬ ಕ್ಯಾನಿನಲ್ಲಿ ಏನಿತ್ತು ಅಂತ ವಿಚಾರಿಸಿದ. ಹೇಳಿದೆ.

"ಎಷ್ಟು ಹೋರಿದು?"

"ಐದು ಹೋರಿದು ತಾತ."

ಅಜ್ಜ ಕಾರನ್ನು ಮೇಲಿಂದ ಕೆಳಗೆ ನೋಡಿದ. "ಐದೋರಿ ಒಂದೇ ಕಾರ್ಗೆ ತುಂಬ್ಕಂಡ್ರೆ ವಾಲ್ದೆ ಇನ್ನೇನ್ ಮಾಡದು? ನಾವು ಒಂದ್ನ ಹೊಡ್ಕಂಡೋಗಕ್ಕೇ ಇಬ್ರು ಬೇಕು."

5. ಕಬ್ಬಿಣದ ಪೈಪು

ಕಡೆಗೂ ಫೋನು ಬಂತು. ಬೆಳಿಗ್ಗೆ ಎಂಟು ಗಂಟೆ. "ಕಡಸು ನೋವು ತಿಂತಾ ಅದೆ ಸ್ವಾಮಿ. ಒಂದ್ ಕಾಲು ಬಂದದೆ, ಇನ್ನೊಂದು ಕಾಣ್ತಿಲ್ಲ." ಅವಳು ಕರೆಸುತ್ತಿದ್ದ ಆ ಬೇರೆ ಡಾಕ್ಟರು ರಜೆಯಲ್ಲಿದ್ದರು ಅಂತ ಆಮೇಲೆ ಗೊತ್ತಾಯಿತು. ಇರಲಿ. ನಾನು ಕೂಡಲೇ ಹೊರಟೆ.

ದಿಬ್ಬ ಅದೇ ಜಾಗದಲ್ಲಿ ಹಾಗೇ ಇತ್ತು. ಕಾರು ಅದರ ಮೇಲೆ ಒಂದು ಹುಲ್ಲು ಕಡ್ಡಿಯೂ ತಾಗದೆ ದಾಟಿತು. ಒಬ್ಬನೇ ಜೋರಾಗಿ ನಕ್ಕೆ. ಮೂರು ವರ್ಷದಲ್ಲಿ ಅದೊಂದೇ ಸಲ.

ಮುಂದಿನ ತಿರುವಿನಲ್ಲಿ ದಾರಿಯ ಎರಡೂ ಕಡೆ ಕಂಬ ನೆಟ್ಟು ಅಡ್ಡಕ್ಕೆ ಕಬ್ಬಿಣದ ಪೈಪು ಹಾಕಿದ್ದರು. ಕಾರಿನ ನೆತ್ತಿ ಅದಕ್ಕೆ ತಾಗಿ ನಿಂತಿತು. ಬಾಗಿಲಿಗೆ ಬಂದವನು ಆ ಎತ್ತಿನ ರೈತ.

"ಇದೇನಪ್ಪಾ?"

"ಕಬ್ಬಿನ ಟ್ರಾಕ್ಟ್ರು ಬರ್ಬಾರ್ದು ಅಂತ. ಹಳೇ ದಿಬ್ಬ ಅಗ್ಸದು ಬಾಕಿ ಅದೆ, ಜಾಡು ಇನ್ನೂ ಬಿದ್ರೆ ನಿಮ್ ಕಾರು ಬರಕಿಲ್ಲ ಅಂತ ಆ ಅಕ್ಕನೇ ಪಂಚಾಯ್ತಿ ಮುಂದೆ ಕುಂತು ಹಾಕ್ಸುದ್ಲು. ಅಳತೆ ಕೊಟ್ಟೋನು ನಾನೇ. ಆವತ್ತು ಎತ್ತು ಕಟ್ಟಿ ಎಳುಸ್ದಾಗ ನಿಮ್ ಕಾರು ನನ್ ಗದ್ದದ ಮಟ್ಟ ಇತ್ತು. ಅದ್ರ ಮ್ಯಾಲೆ ಎರಡೇ ಬೆರಳು ಬುಟ್ಟಿವ್ನಿ. ಇನ್ನೂ ಬುಟ್ರೆ ಟ್ರಾಕ್ಟ್ರೋರು ತಲೆ ತಗ್ಗಿಸ್ಕಂಡು ನುಗ್ಬುಡ್ತಾರೆ." ಆಮೇಲೆ ಕಾರಿನ ಪಕ್ಕ ನಿಂತು ಗದ್ದ ಮುಟ್ಟಿಕೊಂಡು ಗಾಬರಿಯಾದ. "ಇದ್ಯಾಕ್ ಡಾಕ್ಟ್ರೇ, ಬೆಳ್ದ್‌ಬುಟ್ಟದೆ?"

ಭಾರ ಹಾಕಿ ತಗ್ಗಿಸೋಣ ಅಂತ ಏಳು ಜನ ಒಳಗೆ ಕೂತರು. ಭಾಯಿ ಹಾಕಿದ ಸ್ಪ್ರಿಂಗು, ಒಂದು ಬೆರಳೂ ಇಳಿಯಲಿಲ್ಲ. ಹಾಗಾದರೆ ಗಾಳಿ ಬಿಡೋಣ ಅಂದರು. ನಾನೇ ಮೊದಲ ಟಯರಿನ ಮುಂದೆ ಮಂಡಿಯೂರಿ ಕೂತು ಕಡ್ಡಿಯಿಂದ ವಾಲ್ವ್ ಒತ್ತುತ್ತಿದ್ದೆ. ಆಗ ಅಕ್ಕ ಓಡಿಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಕೈ ಮೊಣಕೈಯವರೆಗೂ ಒದ್ದೆ.

"ಏನ್ ಮಾಡ್ತಿದೀರಿ ಸ್ವಾಮಿ?"

"ಕಾರು ಇಳಿಸ್ತಾ ಇದೀನಮ್ಮ."

ಅವಳು ಕಾರು ನೋಡಿದಳು, ನನ್ನನ್ನು ನೋಡಿದಳು. ಹಿಂದಿನ ಬಾಗಿಲು ತೆಗೆದು ಔಷಧಿ ಪೆಟ್ಟಿಗೆ ತಲೆಯ ಮೇಲೆ ಇಟ್ಟುಕೊಂಡು ನಡೆದೇಬಿಟ್ಟಳು. ಹಗ್ಗ ಹಿಡಿದು ನಾನೂ ಹಿಂದೆ ಓಡಿದೆ. ಎಂಟು ನಿಮಿಷಕ್ಕೆ ಕೊಟ್ಟಿಗೆ ಸಿಕ್ಕಿತು.

ಮಡಿಸಿಕೊಂಡಿದ್ದ ಕಾಲನ್ನು ಒಳಗೇ ಸರಿಮಾಡಿ ಕರು ತೆಗೆದೆ. ಹೆಣ್ಣು ಕರು. ತಾಯಿಯೂ ಉಳಿಯಿತು. ಅಕ್ಕ ನನ್ನ ಕೈಗೆ ನೀರು ಹೊಯ್ದಳು. ನನಗೆ ಖುಷಿಯಾಗಬೇಕಾಗಿತ್ತು, ಆಗಲಿಲ್ಲ. ಎಂಟು ನಿಮಿಷ ಅನ್ನುವುದು ತಲೆಯಿಂದ ಹೋಗುತ್ತಿರಲಿಲ್ಲ. ಆ ದಿನ ಒಂದೂವರೆ ಗಂಟೆ ನಾನು ಕಾರು ಕಾಯುತ್ತಾ ನಿಂತಿದ್ದೆ. ಹಸುವನ್ನು ಕೊಂದದ್ದು ದಿಬ್ಬವಲ್ಲ.

"ಅಕ್ಕಾ, ಆವತ್ತು ನಾನು..." ಅಂದೆ.

"ಆ ದಿಬ್ಬದ್ ತಾವಿಂದ ನಾನು ದಿನಾ ಹುಲ್ಲು ಹೊರೆ ಹೊತ್ಕಂಡು ಬತ್ತೀನಿ" ಅಂದಳು. ಅಷ್ಟೇ ಅಂದಳು. ಮೂರು ವರ್ಷ ಈ ಮಾತನ್ನು ಅವಳು ಬಾಯಲ್ಲಿ ಇಟ್ಟುಕೊಂಡಿದ್ದಳು.

ಅಷ್ಟರಲ್ಲಿ ಹೊರಗೆ ಗಲಾಟೆ. ನಾಲ್ಕೂ ಟಯರಿನ ಗಾಳಿ ಬಿಟ್ಟು, ಏಳೂ ಜನ ಒಳಗೆ ಕೂತು, ನನ್ನ ಕಾರನ್ನು ಪೈಪಿನ ಕೆಳಗೆ ನುಗ್ಗಿಸಿ, ಕರಕರ ಎನ್ನಿಸುತ್ತಾ ಕೊಟ್ಟಿಗೆಯ ಬಾಗಿಲಿಗೇ ತಂದು ನಿಲ್ಲಿಸಿದ್ದರು. "ತಂದ್‌ಬುಟ್ವಿ ಡಾಕ್ಟ್ರೇ!" ಅಂತ ಎತ್ತಿನ ರೈತ ಕೇಕೆ ಹಾಕಿದ. ಟಯರುಗಳು ಚಿಂದಿಯಾಗಿ ರಿಮ್ಮಿಗೆ ಸುತ್ತಿಕೊಂಡಿದ್ದವು.

ಅಕ್ಕ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಮೂರು ವರ್ಷದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು.

"ಅಂತೂ ಬಂತಾ? ಇನ್ನ ಅದ್ನ ಇಲ್ಲೇ ಕಟ್ಟಾಕ್ಬುಟ್ಟು, ನೀವು ನಡ್ಕಂಡೋಗಿ ಸ್ವಾಮಿ."